ಒಂದು ಮೊರ ತೌಡು

ಕಾರ್ತಿಕ ಮುಗಿಯುತ್ತ ಬಂದಿತ್ತು. ರಾಜಾನುಕುಂಟೆಯಾಚೆ, ಮೂರು ಕಡೆ ಲೇಔಟಿನ ಸೈಟುಗಲ್ಲು ನೆಟ್ಟ ನಡುವೆ ಉಳಿದಿದ್ದ ಒಂದೂಕಾಲು ಎಕರೆಯಲ್ಲಿ ರಾಗಿ ಕೊಯ್ಲು ನಡೆದಿತ್ತು. ತೌಡಪ್ಪ ಕುಡುಗೋಲು ಹಿಡಿದು ಕೊಯ್ದದ್ದಕ್ಕಿಂತ ಸೊಂಟ ಹಿಡಿದು ಎದ್ದು ನಿಂತದ್ದೇ ಹೆಚ್ಚು. ಹೆಂಡತಿ ಗಂಗಾದೇವಿ ಆಗಲೇ ನಾಲ್ಕು ಮಾರು ಮುಂದಿದ್ದಳು.

ಅವನ ಜೇಬಿನಲ್ಲಿ ಮಗಳು ಮೋನಿಕಾಳ ಲಗ್ನಪತ್ರಿಕೆಯ ಪ್ರೂಫ್ ಇತ್ತು. ಸಂಜೆಯೊಳಗೆ ಹೂಂ ಅಂದರೆ ಯಲಹಂಕದ ಪ್ರೆಸ್ಸಿನವನು ಅಚ್ಚು ಹಾಕುತ್ತಾನೆ. ಹುಡುಗಿಯ ತಂದೆಯ ಜಾಗದಲ್ಲಿ ಶ್ರೀ ತರುಣ್ ಕುಮಾರ್ ಎಂದಿತ್ತು. ತರುಣ್ ಕುಮಾರ್ ಅಂದರೆ ತೌಡಪ್ಪನೇ.

ತಪ್ಪು ಜಾಲಹಳ್ಳಿಯ ಬೀಗರದು. ಮಾತುಕತೆಯ ದಿನ, "ತೌಡು ಅಂದ್ರೆ ಹಸು ತಿನ್ನೋದಲ್ವಾ?" ಎಂದು ನಗುತ್ತ ಕೇಳಿದ್ದರು. ತೌಡಪ್ಪನೂ ನಕ್ಕಿದ್ದ. ಮನೆಗೆ ಬಂದು ಎರಡು ದಿನ ನಕ್ಕಿರಲಿಲ್ಲ. ಮೂರನೆಯ ದಿನ, ಮಗಳ ಇನಿಷಿಯಲ್ ಕೆಡದಂತೆ ಹೊಸ ಹೆಸರು ಹುಡುಕಿದ. ಅರವತ್ತಕ್ಕೆ ಎರಡೇ ವರ್ಷ ಬಾಕಿ, ಮುಂದಿನ ಹಲ್ಲು ಕಟ್ಟಿಸಿದ್ದು, ಬೆಳಗ್ಗೆ ರಾತ್ರಿ ಬಿಪಿ ಮಾತ್ರೆ. ಇಷ್ಟಾದರೂ ತನಗೆ ತರುಣನೆಂದು ಹೆಸರಿಟ್ಟುಕೊಳ್ಳುವಾಗ ಅವನು ಹಿಂದೆಮುಂದೆ ನೋಡಲಿಲ್ಲ.

"ಈ ತರುಣನ್ನ ನಾನು ಯಾವಾಗ ಕಟ್ಕೊಂಡೆ?" ಎಂದಳು ಗಂಗಾದೇವಿ, ತಲೆ ಎತ್ತದೆ. "ಅಲ್ರೀ, ನಿಮ್ಮೆಸ್ರು ನಿಮ್ದಲ್ಲ. ಮುನಿಕೆಂಪಮ್ಮಂದು. ತೌಡು ವಾಪಸ್ ಕೊಟ್ಟಿದೀರಾ?"

ಅದು ನಿಜವೇ. ತೌಡಪ್ಪನಿಗಿಂತ ಮೊದಲು ಹುಟ್ಟಿದ ಮೂರು ಗಂಡುಮಕ್ಕಳಲ್ಲಿ ಒಂದೂ ತೊಟ್ಟಿಲು ದಾಟಿರಲಿಲ್ಲ. ಹಾಗಾಗಿ ಇವನು ಹುಟ್ಟಿದ ಕೂಡಲೇ ಮೊರದಲ್ಲಿ ಮಲಗಿಸಿ ಪಕ್ಕದ ಮನೆಯ ಮುನಿಕೆಂಪಮ್ಮನಿಗೆ ಮಾರಿದ್ದರು. ಬೆಲೆ, ಒಂದು ಮೊರ ತೌಡು. ಈ ಮಗು ಈ ಮನೆಯದಲ್ಲ, ಅಂಥ ಬೆಲೆ ಬಾಳುವುದೂ ಅಲ್ಲ ಎಂದು ಸಾವಿಗೆ ಕೇಳಿಸುವಂತೆ ಹೆಸರೂ ಅದೇ. ಬೆಳೆದದ್ದು ಹೆತ್ತವಳ ಮಡಿಲಲ್ಲೇ. ಲೆಕ್ಕಕ್ಕೆ ಮಾತ್ರ ಮುನಿಕೆಂಪಮ್ಮನ ಮಗ. ಮದುವೆ ಹೊತ್ತಿಗೆ ತೌಡು ಹಿಂದಿರುಗಿಸಿ ಬಿಡಿಸಿಕೊಳ್ಳಬೇಕಿತ್ತು. ಯಾರೂ ಬಿಡಿಸಿರಲಿಲ್ಲ.

"ಇಷ್ಟೇ ತಾನೆ!" ಎಂದು ತೌಡಪ್ಪ ಕುಡುಗೋಲು ಕೆಳಗಿಟ್ಟ. ಕೊಯ್ಲು ಬಿಟ್ಟು ಹೋಗಲು ಒಳ್ಳೆಯ ನೆಪ ಸಿಕ್ಕಿತ್ತು.

ದನದ ಫೀಡಿನ ಅಂಗಡಿಯ ಜೀಷಾನ್ ತೌಡಿನ ಮೂಟೆಯನ್ನು ಸ್ಕೂಟರಿಗೆ ಏರಿಸುತ್ತ, "ಹಸುಗಾ ತೌಡಣ್ಣ?" ಎಂದ.

"ಇಲ್ಲಪ್ಪ, ನನಗೆ."

"ಡಾಕ್ಟ್ರು ಹೇಳಿದ್ರಾ?"

ಮುನಿಕೆಂಪಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಎಂಬತ್ತು ದಾಟಿದ ಕೈ, ಆದರೂ ಕಾಳು ಒಂದೂ ಆಚೆ ಬೀಳುತ್ತಿರಲಿಲ್ಲ. ತೌಡಪ್ಪ ಮೂಟೆ ಇಳಿಸಿ, ಏದುಸಿರು ಬಿಡುತ್ತಲೇ ಪತ್ರಿಕೆ ಓದಿ ಹೇಳಿದ.

"ಯಾರ್ಲಾ ಅವ್ನು?"

"ನಾನೇ ಕಣಮ್ಮ. ಎಸ್ರು ಬದ್ಲಾಯಿಸ್ಕೊಂಡಿವ್ನಿ."

ಮುದುಕಿ ಅವನ ಬೋಳು ತಲೆಯಿಂದ ಹೊಟ್ಟೆಯವರೆಗೆ ನೋಡಿ, ಅವರೆಸಿಪ್ಪೆ ಚೆಲ್ಲುವಷ್ಟು ನಕ್ಕಳು. ತೌಡಪ್ಪ ನಗು ನಿಲ್ಲುವವರೆಗೆ ಕಾದ.

"ಒಂದು ಮೊರಕ್ಕೆ ಒಂದು ಮೂಟೆ ತಂದಿವ್ನಿ, ಬಡ್ಡಿ ಸಮೇತ. ನನ್ನ ಬಿಟ್ಬಿಡು."

ಮುದುಕಿ ಕಾಲಿನಿಂದ ಮೂಟೆಯನ್ನು ತಳ್ಳಿದಳು. ಅದು ಅಲುಗಲಿಲ್ಲ.

"ಎತ್ಕೊಂಡೋಗು. ನಿಂಗೆ ಗೊತ್ತಿಲ್ಲ. ನಿನ್ ಮದ್ವೆ ಮುಂಚಿನ ದಿನ ನಿಮ್ಮವ್ವ ಮೊರ ತುಂಬ ತೌಡು ತಂದು ಇಲ್ಲೇ, ಈ ಬಾಗ್ಲಲ್ಲೇ ನಿಂತಿದ್ಲು. ನಾನು ಸೆರಗೊಡ್ಡಿದೆ. ಅವ್ಳು ಆಕ್ಲಿಲ್ಲ. 'ಆಕಿದ್ರೆ ಇವ್ನು ನನ್ ಮಗ ಆಯ್ತಾನೆ ಕಣೆ ಕೆಂಪಿ. ನನ್ ಮಕ್ಳು ಉಳಿಯಾಕಿಲ್ಲ. ನಿಂದಾಗೇ ಇರ್ಲಿ' ಅಂದು ಅಳ್ತಾ ವಾಪಸ್ ಒಂಟೋದ್ಲು."

ತೌಡಪ್ಪ ಜಗಲಿಯ ಅಂಚಿಗೆ ಕುಳಿತ. ಸತ್ತು ಹನ್ನೊಂದು ವರ್ಷವಾದ ತಾಯಿ ಒಂದು ದಿನವೂ ಈ ಮಾತು ಆಡಿರಲಿಲ್ಲ. ಅವನ ಮದುವೆಯಲ್ಲಿ ಮೊದಲ ಅಕ್ಷತೆಯನ್ನು ಮುನಿಕೆಂಪಮ್ಮನ ಕೈಯಲ್ಲಿ ಹಾಕಿಸಿ, ತಾಯಿ ತಾನು ಕಂಬದ ಪಕ್ಕ ನಿಂತಿದ್ದುದು ನೆನಪಾಯಿತು. ಆಗ ಅವನ ಗಮನವೆಲ್ಲ ಬಾಡಿಗೆ ಕೋಟಿನ ಮೇಲಿತ್ತು.

"ಈಗ ನೀನೇ ಆಕ್ತೀಯ? ಆಕು," ಎಂದು ಮುದುಕಿ ಸೆರಗೊಡ್ಡಿದಳು.

ತಾನು ಓದಿದ ಮಗಳ ತಂದೆ, ಇಂಥದನ್ನೆಲ್ಲ ನಂಬುವವನಲ್ಲ, ಎಂದು ತೌಡಪ್ಪ ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಲೇ ಮೂಟೆಯನ್ನು ತಬ್ಬಿ ಎತ್ತಿ ಸ್ಕೂಟರಿಗೆ ಹಾಕಿಕೊಂಡ. ಇಳಿಸಿದ್ದಕ್ಕಿಂತ ಬೇಗ ಏರಿಸಿದ.

ದಾರಿಯಲ್ಲಿ ನಿಲ್ಲಿಸಿ ಪ್ರೆಸ್ಸಿಗೆ ಫೋನ್ ಮಾಡಿದ.

"ತರುಣ್ ಕುಮಾರ್ ತೆಗೆದ್ಬಿಡಪ್ಪ. ತೌಡಪ್ಪ ಅಂತ ಹಾಕು."

"ತೌಡಪ್ಪಾನಾ? ಹಸು ತಿನ್ನೋ ತೌಡಾ ಸಾರ್?"

"ಹೂಂ, ಅದೇ. ದಪ್ಪಕ್ಷರದಲ್ಲಿ ಹಾಕು."

ಸಂಜೆ ಕೊಟ್ಟಿಗೆಯಲ್ಲಿ ಮೂಟೆ ಬಿಚ್ಚಿ ಹಸುವಿನ ಮುಂದೆ ಎರಡು ಬೊಗಸೆ ಸುರಿಯುತ್ತಿದ್ದಾಗ ಗಂಗಾದೇವಿ ರಾಗಿ ಹೊರೆ ಇಳಿಸಿ ಬಂದಳು.

"ತೀರಿಸಿದ್ರಾ?"

"ಇಲ್ಲ ಕಣೆ. ಇನ್ನೊಂದಷ್ಟು ದಿನ ಬದುಕಿರೋಣ ಅಂತ," ಎಂದ ತೌಡಪ್ಪ.

ಹಸು ತಲೆ ಎತ್ತದೆ ತಿನ್ನುತ್ತಿತ್ತು.