ಕಾವೇರಿ ಕುಳಿತ ಕೋಣೆ

ಮಹಾಗಾಂವದ ಮಲ್ಕಮ್ಮನ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ಕಿರಿಮಗಳು ಕಾವೇರಿ ಒಬ್ಬಳೇ. ದಿನಾ ಬಸ್ಸು ಹಿಡಿದು ಕಲಬುರಗಿಗೆ ಹೋಗುತ್ತಿದ್ದಳು. ಏಳನೇ ತರಗತಿಗೇ ಶಾಲೆ ಬಿಟ್ಟಿದ್ದ ಅಕ್ಕ ಮಲ್ಲಿಕಾ ರೊಟ್ಟಿ ಕಟ್ಟಿ ಕೊಡುತ್ತಿದ್ದಳು. ಸಂಜೆ ಡಬ್ಬಿ ತೆರೆದರೆ ರೊಟ್ಟಿ ಹಾಗೇ ಇರುತ್ತಿತ್ತು. ಮಲ್ಲಿಕಾ ನೋಡಿದಳು, ಕೇಳಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಕಾವೇರಿ ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕುಳಿತಳು.

"ನನ್ನ ಹಾಜರಿ ಒಂದೂ ಇಲ್ಲಂತಕ್ಕ. ಪರೀಕ್ಷಾಕ್ಕ ಕೂಡ್ಸಂಗಿಲ್ಲಂತ. ಮುಂದಿನ ವರ್ಷ ಮತ್ತ ಮೊದಲಿಂದ ಕೂಡಬೇಕಂತ."

"ಒಂದಿನಾನೂ ತಪ್ಪಿಸಿಲ್ಲಲ್ಲ ನೀ!"

"ತಪ್ಪಿಸಿಲ್ಲ. ಬ್ಯಾರೆ ಕ್ಲಾಸಿನ ಖೋಲ್ಯಾಗ ಕುಂತಿದ್ದೆ."

ಮೊದಲ ದಿನ ಬಾಗಿಲ ಮೇಲೆ ‘ಇತಿಹಾಸ’ ಎಂದು ಓದಿ ಒಳಗೆ ಹೋಗಿದ್ದಳು. ಅವಳು ಮೊದಲ ವರ್ಷದವಳು; ಅದು ಎರಡನೇ ವರ್ಷದವರ ಕೋಣೆ. ಆಮೇಲೆ ಆ ಗುಂಪು ಹೋದಲ್ಲೆಲ್ಲ ಅವಳೂ ಹೋದಳು. ಪಾಠ ತಿಳಿಯದಿದ್ದಾಗ ತಾನೇ ದಡ್ಡಿ ಎಂದುಕೊಂಡಳು. ಹಾಜರಿ ಕೂಗುವಾಗ ಅವಳ ನಂಬರು ಬರುತ್ತಲೇ ಇರಲಿಲ್ಲ. ನಾಳೆ ಬಂದೀತು ಎಂದು ಮೂರು ತಿಂಗಳು ಕಾದಳು. ಕೇಳೋಣವೆಂದರೆ ಒಬ್ಬರ ಗುರುತೂ ಇರಲಿಲ್ಲ.

"ಸಾಕವ್ವ ಓದಿದ್ದು," ಎಂದಳು ಮಲ್ಕಮ್ಮ. "ತನ್ನ ಖೋಲಿ ಯಾವುದಂತ ತಿಳೀದಾಕಿ ಮುಂದೇನು ಕಡದು ಕಟ್ಟಿ ಹಾಕ್ತಿ? ನಾಳಿಂದ ತೊಗರಿ ಕೊಯ್ಯಾಕ ಬಾ."

ನಾಲ್ಕನೇ ದಿನ ಕಮಲಾಪುರದ ಸುನಂದಾ, ಕಾಲೇಜಿನಲ್ಲಿ ವಿಳಾಸ ಕೇಳಿ, ಮನೆ ಹುಡುಕಿಕೊಂಡು ಬಂದಳು. ಅದೇ ಎರಡನೇ ವರ್ಷದವಳು. ಹೊಸ್ತಿಲಾಚೆಯೇ ನಿಂತು ಮಲ್ಕಮ್ಮನಿಗೆ ಅಂದಳು:

"ಕಾಕು, ತಪ್ಪು ನಂದೂ ಅದರಿ. ಮೂರು ತಿಂಗಳ ನನ್ನ ಹಿಂದಿನ ಬೆಂಚಿನ್ಯಾಗ ಕುಂತಿದ್ಲು. ಯಾರವ್ವ ನೀ ಅಂತ ಒಂದ್ಸಲಾನೂ ಕೇಳ್ಲಿಲ್ಲ."

"ಈಗ ಕೇಳಿದ್ರ ವರ್ಷ ಹೊಳ್ಳಿ ಬರ್ತದೇನು?"

"ಬರಂಗಿಲ್ರಿ." ಸುನಂದಾಳ ದನಿ ಇಳಿಯಿತು. "ಖರೆ, ಮುಂದ ಬರೋರಿಗಿ ಹಿಂಗ ಆಗಬಾರ್ದು. ನಮ್ಮ ಕ್ಲಾಸಿನ ಹನ್ನೊಂದು ಮಂದಿ ಹುಡುಗ್ಯಾರು ಇತಿಹಾಸದ ಮೇಡಂ ಜೋಡಿ ಮಾತಾಡೀವಿ. ಒಬ್ಬೊಬ್ಬರಿಗಿ ಐದೈದು ಹೊಸಬರು. ಮೊದಲ ದಿನ ಖೋಲಿ ತೋರಸ್ತೀವಿ. ಕೂಡಿ ಉಣ್ತೀವಿ. ಹಾಜರಿ, ಫಾರ್ಮು, ಬಸ್ ಪಾಸು ಎಲ್ಲಾ ವಿಚಾರಸ್ತೀವಿ. ಎರಡು ದಿನ ಕಾಣಲಿಲ್ಲಂದ್ರ ಫೋನ್ ಹಚ್ತೀವಿ."

"ಅದಕ್ಕ ಮಾಸ್ತರ ಇಲ್ಲೇನು? ಹುಡುಗ್ಯಾರು ಹುಡುಗ್ಯಾರಿಗಿ ಏನು ಹೇಳ್ತೀರಿ?"

"ಮಾಸ್ತರಿಗಿ ಕೇಳಾಕ ಅಂಜಿಕಿ ಬರ್ತದರಿ. ಕೂಡಿ ಕುಂತು ರೊಟ್ಟಿ ತಿನ್ನೋರಿಗಿ ಕೇಳಾಕ ಏನಂಜಿಕಿ?"

ಮಲ್ಲಿಕಾಳಿಗೆ ಸಂಜೆಯ ಡಬ್ಬಿ ಕಣ್ಣ ಮುಂದೆ ಬಂತು: ಕೂಡಿ ಉಣ್ಣುವವರಿಲ್ಲದೆ ಹಾಗೇ ಮರಳಿದ ರೊಟ್ಟಿ. ಅವ್ವನಿಗೆ ಎಂದೂ ಎದುರಾಡದವಳು ಅಂದಳು: "ಯವ್ವಾ, ತೊಗರಿ ನಾ ಕೊಯ್ತೀನಿ. ಆಕಿ ಹೋಗ್ಲಿ."

ಮಲ್ಕಮ್ಮ ಕುಡುಗೋಲನ್ನು ಮಲ್ಲಿಕಾಳ ಕೈಗೆ ಕೊಟ್ಟಳು. ಆಮೇಲೆ ಸುನಂದಾಳಿಗೆ ಅಂದಳು: "ಕಾಲೇಜಿನ ಹೊಸಾ ವರ್ಷ ಸುರುವಾದಾಗ ಈಕಿ ಕೈ ಹಿಡಕೊಂಡು ಹೋಗು. ಖೋಲಿ ಬಾಗಿಲ ತನಕ."

ಗೋಡೆಯ ಕಡೆ ತಿರುಗಿದ್ದ ಕಾವೇರಿ ಆಗಲೂ ಈಚೆ ತಿರುಗಲಿಲ್ಲ. ಕಳೆದುಹೋದ ವರ್ಷ ಮರಳಿ ಬರಲಿಲ್ಲ.

ಓದುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮ ಹಿಂದಿನ ಬೆಂಚಿನಲ್ಲಿ ಯಾರು ಕುಳಿತಿದ್ದಾರೆ? ಇಂದೇ ತಿರುಗಿ ಹೆಸರು ಕೇಳಿ. ನಾಲ್ಕು ಜನ ಸೇರಿ, ನಿಮ್ಮ ಕಾಲೇಜಿನಲ್ಲೂ ಹೊಸಬರ ಕೈ ಹಿಡಿಯುವ ಗುಂಪು ಕಟ್ಟಿ. ಮನೆಯವರೇ, ಡಬ್ಬಿಯಲ್ಲಿ ರೊಟ್ಟಿ ಹಾಗೇ ಮರಳಿ ಬಂದರೆ ಯಾಕೆಂದು ಕೇಳಿ. ಅಂದೇ ಕೇಳಿ.