ಚಾಂದ್‌ಪಾಷಾನನ್ನು ಕೊಟ್ಟು ಹುಸೇನಬಾಷಾನನ್ನು ತಂದದ್ದು

ಮಸ್ಕಿಯ ಹಾಕಿ ತಂಡದವರು ಚಾಂದ್‌ಪಾಷಾನನ್ನು ಸಿಂಧನೂರಿಗೆ ಬಿಟ್ಟುಕೊಟ್ಟರು ಎಂಬ ಸುದ್ದಿ ಊರಿನವರಿಗೆಲ್ಲ ಮುಟ್ಟಿದ ಮೇಲೆ ಕೊನೆಗೆ ಟಪಾಲಿನ ಬಸವಂತರಾಯನಿಗೆ ಮುಟ್ಟಿತು. ಆ ಮೂರು ದಿನ ಅವನು ಹಳ್ಳಿಗಳಿಗೆ ಟಪಾಲು ಹಂಚಲು ಹೋಗಿದ್ದ. ತಿರುಗಿ ಬಂದು, ಸೈಕಲ್ಲಿಗೆ ಗಾಳಿ ಹಾಕಿಸೋಣವೆಂದು ಗೌಸ್‌ಸಾಬನ ಅಂಗಡಿ ಮುಂದೆ ಇಳಿದಾಗ, ಗೌಸ್‌ಸಾಬ ಪಂಪು ಹಿಡಿದುಕೊಂಡೇ ಹೇಳಿದ.

"ರಾಯರ, ಕೇಳಿದ್ರೇನು? ಹುಸೇನಬಾಷಾ ನಮ್ಮ ಕಡಿ ಬರಾಕತ್ತಾನ. ಹೈದರಾಬಾದಿನಾಗ ಆಡಿದಂವ! ಈ ಸಲ ಕಪ್ಪು ನಮ್ಮದ."

"ಸಿಂಧನೂರವ್ರು ಸುಮ್ಮನ ಯಾಕ ಬಿಟ್ರು ಅವನ್ನ?"

"ಸುಮ್ಮನ ಎಲ್ಲಿ ಬಿಡ್ತಾರ್ರಿ? ಬದಲಿಗೆ ಚಾಂದ್‌ಪಾಷಾನ್ನ ಕೊಟ್ಟೇವಿ."

ಬಸವಂತರಾಯ ಸೈಕಲ್ಲನ್ನು ಅಲ್ಲೇ ಬಿಟ್ಟ. ಅದು ಬಿದ್ದ ಸದ್ದೂ ಅವನ ಕಿವಿಗೆ ಬೀಳಲಿಲ್ಲ.

"ಕೊಟ್ಟೇವಿ ಅಂದ್ರ? ಎಮ್ಮಿ ಸಂತ್ಯಾಗ ನಿಂತೀರೇನ್ರಿ ನೀವು? ಹಲ್ಲು ನೋಡಿದ್ರೋ ಇಲ್ಲೋ ಆ ಹುಸೇನಬಾಷಾಂದು? ಮೂವತ್ತನಾಕು ವಯಸ್ಸು! ನಮ್ಮ ಹುಡುಗಗ ಹದಿನೆಂಟು!"

ಇದು ೧೯೫೪ರ ಮಾತು. ಲಿಂಗಸುಗೂರಿನಲ್ಲಿ ವರ್ಷಕ್ಕೊಮ್ಮೆ ಸುತ್ತಿನ ಊರುಗಳ ಹಾಕಿ ತಂಡಗಳಿಗೆ ಪಂದ್ಯಾಟ ನಡೆಯುತ್ತಿತ್ತು. ಒಂದು ತಂಡದಲ್ಲಿ ಹೆಸರು ಬರೆಸಿದವನು ಮತ್ತೊಂದು ತಂಡಕ್ಕೆ ಆಡಬೇಕಾದರೆ ಹಳೆಯ ತಂಡದ ಕಾರ್ಯದರ್ಶಿ ತನ್ನ ಒಪ್ಪಿಗೆಯ ರಜಾಮಂದಿ ಚೀಟಿ ಬರೆದುಕೊಡಬೇಕು ಎಂಬ ಕಾಯಿದೆ ಇತ್ತು. ಮಸ್ಕಿಯವರು ಒಂದು ಚೀಟಿ ಬರೆದರು, ಸಿಂಧನೂರಿನವರು ಒಂದು ಬರೆದರು, ಎರಡು ಚೀಟಿಗಳೂ ಒಂದೇ ಬಸ್ಸಿನಲ್ಲಿ ಹೋಗಿ ಬಂದವು. ಇಷ್ಟೇ ನಡೆದದ್ದು.

ಆದರೆ ಚಾಂದ್‌ಪಾಷಾ ಬಸವಂತರಾಯನ ಕೈಯಲ್ಲಿ ಬೆಳೆದವನು. ಬಳೆ ಮಾರುವ ಮಕ್ತುಂಬೀಯ ಮಗ. ಹದಿನಾಲ್ಕು ವರ್ಷದವನಿದ್ದಾಗ ಗುಡ್ಡದ ಕೆಳಗಿನ ಬಯಲಿನಲ್ಲಿ ಹುಣಸೆ ಕೊಂಬೆ ಹಿಡಿದು ಚಿಂದಿ ಚೆಂಡು ಹೊಡೆಯುತ್ತಿದ್ದ. ಒಂದು ಬೆಳಗ್ಗೆ ಅವನ ಮಣಿಕಟ್ಟು ತಿರುಗುವುದನ್ನು ನೋಡಿ ಬಸವಂತರಾಯ ಸೈಕಲ್ಲಿಂದ ಇಳಿದಿದ್ದ. ಬಸವಂತರಾಯ ತಾನೂ ಹಿಂದೆ ಗೋಲು ಕಾಯುತ್ತಿದ್ದವನು. ಅಂದಿನಿಂದ ನಾಲ್ಕು ವರ್ಷ, ದಿನಾ ಬೆಳಗ್ಗೆ ಟಪಾಲು ಬರುವ ಮೊದಲು ಹುಡುಗನಿಗೆ ಪಾಠ. ಚೆಂಡು ನಿಲ್ಲಿಸು. ಎಡಕ್ಕೆ ತಗೋ. ತಲೆ ಎತ್ತು. ಬೀಳಬೇಡ, ಯಾರು ಹೊಡೆದರೂ ಕಾಲ ಮೇಲೆ ನಿಲ್ಲು. ತಪ್ಪಿದರೆ ಬೈಗುಳ, ಸರಿಯಾದರೆ ಮತ್ತೊಮ್ಮೆ ಮಾಡು ಎಂಬ ಹುಕುಂ.

ಬಸವಂತರಾಯ ನೇರ ಕಾರ್ಯದರ್ಶಿ ಶಿವಶರಣಪ್ಪನ ಹತ್ತಿ ಅಂಗಡಿಗೆ ಹೋದ. ಶಿವಶರಣಪ್ಪ ಗಾದಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಸಾವಕಾರ, ಬುದ್ಧಿ ಎಲ್ಲಿಟ್ಟಿದ್ರಿ? ಎರಡು ವರ್ಷ ತಡೀರಿ, ಆ ಹುಡುಗ ಹೈದರಾಬಾದಿಗೆ ಆಡ್ತಾನ. ಇವತ್ತು ಬೆಳಿ ಎಳೀದೈತಿ ಅಂತ ದನಕ್ಕ ಬಿಡ್ತಾರೇನು?"

ಶಿವಶರಣಪ್ಪನಿಗೆ ಸಿಟ್ಟು ಬರಲಿಲ್ಲ. ಎಲೆ ಮಡಚಿ ಬಾಯಿಗಿಟ್ಟುಕೊಂಡು ಕೇಳಿದ: "ಹೋದ ವರ್ಷ ಆ ಹುಡುಗನ್ನ ಆಡಿಸೋಣ ಅಂತ ಅಂದಂವ ಯಾರು?"

ಬಸವಂತರಾಯ ತಕ್ಕಡಿಯ ಕಡೆ ಮುಖ ತಿರುಗಿಸಿದ. ಶಿವಶರಣಪ್ಪನೇ ಹೇಳಿದ:

"ನಾನ. ಬ್ಯಾಡ, ಇನ್ನೂ ಹಸೀದಾನ ಅಂದಂವ ಯಾರು? ನೀವು. ಅದರ ಹಿಂದಿನ ವರ್ಷನೂ ನೀವ. ಈ ವರ್ಷ ಕೇಳಿದಾಗೂ, ಇನ್ನೆರಡು ವರ್ಷ ಬೇಕು ಅಂದ್ರಿ. ನನಗ ಕಪ್ಪು ಈ ವರ್ಷ ಬೇಕ್ರಿ ರಾಯರ. ಆಡದ ಹುಡುಗನ್ನ ಇಟ್ಟುಕೊಂಡು ಏನ್ಮಾಡ್ಲಿ, ಪೂಜಿ ಮಾಡ್ಲೇನು?"

ಬಸವಂತರಾಯನ ಸಿಟ್ಟು ಇನ್ನೂ ಏರಿತು. ಅಲ್ಲಿಂದ ಮಕ್ತುಂಬೀಯ ಮನೆಗೆ ಹೋದ. ಅವಳು ಬಳೆಗಳನ್ನು ದಾರಕ್ಕೆ ಪೋಣಿಸುತ್ತ ಹೊಸ್ತಿಲಲ್ಲಿ ಕೂತಿದ್ದಳು.

"ನಿನ್ನೆ ಮುಂಜಾನಿ ಬಸ್ಸಿಗೆ ಹೋಗ್ಯಾನಣ್ಣಾ," ಎಂದಳು. "ಕಾಲುವಿ ಕೆಲಸದಾಗ ಹಾಜರಿ ಬರಕೊಳ್ಳೋ ನೌಕರಿ ಕೊಡಿಸ್ಯಾರಂತ. ಎರಡು ದಿನ ನಿಮ್ಮ ದಾರಿ ನೋಡಿದ. ಕಾಕಾ ಬ್ಯಾಡ ಅಂದ್ರ ಹೋಗಂಗಿಲ್ಲಮ್ಮಾ ಅಂದ. ನೀವು ಊರಾಗ ಇದ್ದಿಲ್ಲ."

"ನನಗ ಹೇಳಿ ಕಳಿಸಬೇಕಿತ್ತು!"

"ಟಪಾಲಿನವ್ರಿಗೆ ಟಪಾಲು ಯಾರ ಕೈಯಾಗ ಕಳಿಸ್ಲಿ ಅಣ್ಣಾ?" ಎಂದಳು ಮಕ್ತುಂಬೀ. ಅವಳು ತಮಾಷೆಗೆ ಅಂದದ್ದಲ್ಲ.

ಮುಂದಿನ ವಾರ ಹುಸೇನಬಾಷಾ ಬಂದ. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಇಸ್ತ್ರಿ ಮಾಡಿದ ಚಡ್ಡಿ, ಮೃದು ಮಾತು. ಎಲ್ಲರಿಗೂ ಮೊದಲು ತಾನೇ ಸಲಾಂ ಮಾಡುತ್ತಿದ್ದ. ಆಟ ಗೊತ್ತಿದ್ದವನು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಹತ್ತು ಹೆಜ್ಜೆ ಓಡಿದರೆ ಉಸಿರು ಹಿಡಿಯುತ್ತಿತ್ತು. ಹಾಗಾಗಿ ಅವನು ಓಡುತ್ತಿರಲಿಲ್ಲ, ಬೀಳುತ್ತಿದ್ದ. ಗೋಲಿನ ಮುಂದಿನ ವೃತ್ತದೊಳಗೆ ಚೆಂಡು ತಂದು, ಎದುರಿನವನ ನೆರಳು ಮೈಮೇಲೆ ಬಿದ್ದ ಕೂಡಲೇ "ಯಾ ಅಲ್ಲಾ!" ಎಂದು ಮೊಣಕಾಲು ಹಿಡಿದುಕೊಂಡು ಎರಡು ಉರುಳು ಉರುಳುತ್ತಿದ್ದ. ಅಂಪೈರು ಸೀಟಿ ಊದುತ್ತಿದ್ದ. ಪೆನಾಲ್ಟಿ ಕಾರ್ನರ್ ಸಿಗುತ್ತಿತ್ತು, ಅದರಿಂದ ಗೋಲು. ಮುದಗಲ್ಲಿನವರನ್ನು ಹೀಗೆ ಸೋಲಿಸಿದರು, ಗುರುಗುಂಟಾದವರನ್ನೂ ಹೀಗೆಯೇ.

ಗೌಸ್‌ಸಾಬನ ಅಂಗಡಿ ಮುಂದೆ ದಿನಾ ಸಂಜೆ ಇದೇ ವಾದ.

"ಗೆದ್ದೇವಿಲ್ಲೋ?" ಗೌಸ್‌ಸಾಬ ಕೇಳುತ್ತಿದ್ದ.

"ಗೆದ್ದೇವಿ. ಹೊರಳಾಡಿ ಗೆದ್ದೇವಿ. ಇದಕ ಹಾಕಿ ಯಾಕ ಬೇಕು, ಉರುಳು ಸೇವಾ ಮಾಡಿದ್ರ ಆಗ್ತದಲ್ಲ."

"ರಾಯರ, ಅಂವ ಬೀಳ್ತಾನ, ಸೀಟಿ ಊದಾಂವ ಬ್ಯಾರೆ. ತಪ್ಪು ಯಾರದು?"

"ನಿಂದು! ಅಂವ ಬಿದ್ದಾಗೆಲ್ಲ ಚಪ್ಪಾಳಿ ಹೊಡೀತೀಯಲ್ಲ, ನಿಂದ!"

ಮನೆಗೆ ಬಂದರೂ ಬಸವಂತರಾಯನ ಬಾಯಿ ನಿಲ್ಲುತ್ತಿರಲಿಲ್ಲ. ಹೆಂಡತಿ ಕಲ್ಯಾಣಮ್ಮ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳುತ್ತಿದ್ದಳು. ಒಂದು ದಿನ ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದಳು. "ಬಿದ್ದಾಂವ ಎದ್ದು ಮನಿಗೆ ಹೋಗ್ಯಾನ, ಉಂಡು ಮಲಗ್ಯಾನ. ನೀವೊಬ್ರು ಇನ್ನೂ ಅಲ್ಲೇ ನೆಲದ ಮ್ಯಾಲ ಬಿದ್ದೀರಿ. ಏಳ್ರಿ, ಕೈ ತೊಳಕೊಳ್ರಿ."

ಕೊನೆಯ ಪಂದ್ಯ ಮಸ್ಕಿಗೂ ಸಿಂಧನೂರಿಗೂ ಬಿತ್ತು. ಮಸ್ಕಿಯಿಂದ ಒಂದು ಬಸ್ಸು ತುಂಬ ಜನ ಲಿಂಗಸುಗೂರಿಗೆ ಹೋದರು. ಬಸವಂತರಾಯ ರಜೆ ಹಾಕಿ ಹೋದ. ಗೆರೆಯ ಪಕ್ಕದಲ್ಲೇ, ವೃತ್ತ ಕಾಣುವಂತೆ ಜಾಗ ಹಿಡಿದ.

ಚಾಂದ್‌ಪಾಷಾ ಸಿಂಧನೂರಿನ ಮುಂಪಡೆಯಲ್ಲಿ ಆಡುತ್ತಿದ್ದ. ಮೂರು ತಿಂಗಳಲ್ಲಿ ಭುಜ ಅಗಲವಾಗಿತ್ತು. ಮೊದಲ ಅರ್ಧದಲ್ಲಿ ಹುಸೇನಬಾಷಾ ರೂಢಿಯಂತೆ ಬಿದ್ದ, ಕಾರ್ನರ್ ಸಿಕ್ಕಿತು, ಮಸ್ಕಿಗೆ ಒಂದು ಗೋಲಾಯಿತು. ಅದಾದ ಸ್ವಲ್ಪ ಹೊತ್ತಿಗೆ ಚಾಂದ್‌ಪಾಷಾ ಚೆಂಡು ತೆಗೆದುಕೊಂಡು ನುಗ್ಗಿದಾಗ ಮಸ್ಕಿಯ ಬಾಲಪ್ಪ ಕೋಲು ಬೀಸಿ ಅವನ ಮೊಳಕಾಲಿನ ಕೆಳಗಿನ ಎಲುಬಿಗೆ ಬಡಿದ. ಸದ್ದು ಗೆರೆಯವರೆಗೂ ಕೇಳಿಸಿತು. ಹುಡುಗ ವಾಲಿದ, ಆದರೆ ಬೀಳಲಿಲ್ಲ. ಸೀಟಿಯೂ ಬರಲಿಲ್ಲ. ಬಾಲಪ್ಪ ಚೆಂಡು ಕಸಿದುಕೊಂಡು ಹೋದ.

"ನಿಂತ! ನೋಡ್ರಿ, ನಿಂತ!" ಎಂದು ಬಸವಂತರಾಯ ಪಕ್ಕದವನ ತೋಳು ಹಿಡಿದು ಅಲುಗಾಡಿಸಿದ.

ಎರಡನೇ ಅರ್ಧದಲ್ಲಿ ಚಾಂದ್‌ಪಾಷಾ ಎಡಗಡೆಯಿಂದ ಬಂದ. ಒಬ್ಬನನ್ನು ದಾಟಿದ, ತಲೆ ಎತ್ತಿ ನೋಡಿದ, ಮಣಿಕಟ್ಟು ತಿರುಗಿಸಿದ. ಚೆಂಡು ಮಸ್ಕಿಯ ಗೋಲಿನ ಮೂಲೆಗೆ ಹೋಯಿತು. ಬಸವಂತರಾಯ ಎದ್ದು ನಿಂತು ಚಪ್ಪಾಳೆ ಹೊಡೆದ. ಮಸ್ಕಿಯವರ ನಡುವೆ ಅವನೊಬ್ಬನೇ. "ಯಾವ ಊರವರ್ರೀ ನೀವು?" ಎಂದು ಹಿಂದಿನಿಂದ ಯಾರೋ ಬೈದರು. ಚಾಂದ್‌ಪಾಷಾ ಓಡುತ್ತಲೇ ಒಮ್ಮೆ ಇತ್ತ ನೋಡಿದ.

ಆಟ ಮುಗಿಯಲು ಐದು ನಿಮಿಷವಿದ್ದಾಗ ಆದದ್ದು ಇದು. ಚಾಂದ್‌ಪಾಷಾ ಮತ್ತೆ ವೃತ್ತದೊಳಗೆ ಬಂದ. ಬಾಲಪ್ಪ ಅಡ್ಡ ಬಂದ, ಆದರೆ ಈ ಸಲ ಕೋಲನ್ನು ನೆಲಕ್ಕೇ ಇಟ್ಟಿದ್ದ. ಇಬ್ಬರ ನಡುವೆ ಒಂದು ಮೊಳ ಜಾಗವಿತ್ತು. ಬಸವಂತರಾಯ ತನ್ನ ಕಣ್ಣಿನಿಂದಲೇ ನೋಡಿದ. ಚಾಂದ್‌ಪಾಷಾ ಕೋಲು ಬಿಟ್ಟು, ಕಾಲು ಹಿಡಿದುಕೊಂಡು, ನೆಲಕ್ಕೆ ಬಿದ್ದ.

ಸೀಟಿ ಬಂತು.

"ಏಳೋ!" ಬಸವಂತರಾಯ ಗೆರೆ ದಾಟಿ ಒಳಗೆ ನುಗ್ಗಿದ್ದ. "ಏಳಲೇ! ಯಾರು ಮುಟ್ಟ್ಯಾರ ನಿನ್ನ? ಏಳು!"

ಇಬ್ಬರು ಬಂದು ಅವನನ್ನು ಹೊರಗೆ ಎಳೆದುಕೊಂಡು ಹೋದರು. ಹುಡುಗ ಎದ್ದು ಮಣ್ಣು ಕೊಡವಿಕೊಂಡ. ಕಾರ್ನರಿನಿಂದ ಸಿಂಧನೂರಿಗೆ ಗೋಲಾಯಿತು. ಎರಡು–ಒಂದು. ಕಪ್ಪು ಸಿಂಧನೂರಿಗೆ ಹೋಯಿತು.

ಬೇವಿನ ಮರದ ಕೆಳಗೆ ಚಾಂದ್‌ಪಾಷಾ ಒಬ್ಬನೇ ಕೂತು ಕಾಲಿನ ಪಟ್ಟಿ ಬಿಚ್ಚುತ್ತಿದ್ದಾಗ ಬಸವಂತರಾಯ ಹೋಗಿ ಎದುರು ನಿಂತ.

"ನಾಕು ವರ್ಷ. ನಾಕು ವರ್ಷ ನಿನಗ ಏನು ಕಲಿಸಿದೆ ನಾನು?"

"ನೀವು ಕಲಿಸಿದ್ದು ಒಂದು ಗೋಲು ತಂತು ಕಾಕಾ."

"ಇನ್ನೊಂದು ಕಲಿಸಿದಂವ ಯಾರು? ಆ ಹುಸೇನಬಾಷಾ ಏನು?"

ಚಾಂದ್‌ಪಾಷಾ ಕಾಲನ್ನು ಮುಂದೆ ಚಾಚಿದ. ಬಾಲಪ್ಪ ಬಡಿದ ಜಾಗ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿತ್ತು.

"ಇಲ್ಲಿ ಬಡದಾಗ ಬಿದ್ದಿದ್ರ ಸೀಟಿ ಬರ್ತಿತ್ತು. ನೀವು ಹೇಳಿದಂಗ ನಿಂತೆ. ಏನ್ ಬಂತು? ಚೆಂಡು ಹೋತು. ನಮ್ಮವ್ರು, ಯಾಕ ಬೀಳಲಿಲ್ಲಲೇ ಅಂತ ಬೈದ್ರು. ಆ ಕಡಿ ಹುಸೇನಬಾಷಾ ಬಿದ್ದಾಗ ಮಸ್ಕ್ಯಾಗ ಇದ್ದವ್ರೆಲ್ಲ ಚಪ್ಪಾಳಿ ಹೊಡೀತಾರ."

"ನಾ ಹೊಡದಿಲ್ಲ!"

"ಹೌದು ಕಾಕಾ, ನೀವು ಹೊಡದಿಲ್ಲ." ಹುಡುಗನ ದನಿ ಸಣ್ಣದಾಯಿತು. "ನನಗೂ ಹೊಡದಿಲ್ಲ. ನಾಕು ವರ್ಷದಾಗ ನಿಮ್ಮ ಚಪ್ಪಾಳಿ ನನಗ ಇವತ್ತ ಮೊದಲ ಸಲ ಕೇಳಿಸ್ತು."

ಬಸವಂತರಾಯ ಕುಕ್ಕರಗಾಲಲ್ಲಿ ಕೂತು, ಆ ಊದಿದ ಜಾಗದ ಸುತ್ತ ಬೆರಳಿಟ್ಟು ಒತ್ತಿ ನೋಡಿದ. ಎಲುಬು ಮುರಿದಿರಲಿಲ್ಲ.

"ಮನಿಗೆ ಹೋಗಿ ಅರಿಷಿಣ ಹಚ್ಚಿಕೋ," ಎಂದ. ಏಳುತ್ತ, "ಗೋಲು ಚಲೋ ಇತ್ತು. ಬಿದ್ದಿದ್ದು ಮಾತ್ರ ಹೊಲಸು," ಎಂದ.

"ಗೊತ್ತೈತ್ರಿ," ಎಂದ ಚಾಂದ್‌ಪಾಷಾ.

ತಿರುಗಿ ಹೋಗುವ ಬಸ್ಸಿನಲ್ಲಿ ಮಸ್ಕಿಯ ಜನ ಅಂಪೈರನಿಗೂ ಸಿಂಧನೂರಿನವರಿಗೂ ಮೋಸಗಾರರೆಂದು ಬೈದರು. ಹೊರಳಾಡಿ ಗೆದ್ದವರು ಎಂದು ಗೌಸ್‌ಸಾಬನೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ಬಸವಂತರಾಯ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಹುಸೇನಬಾಷಾ ಬಂದು ಪಕ್ಕದಲ್ಲಿ ಕೂತ.

"ರಾಯರ, ನನ್ನ ಮ್ಯಾಲ ನಿಮಗ ಸಿಟ್ಟೈತಿ, ನನಗ ಗೊತ್ತೈತಿ. ನಾ ಓಡಾಕ ಆಗಂಗಿಲ್ಲ ಅಂತ ಬೀಳ್ತೀನ್ರಿ. ಆ ಹುಡುಗಗ ಓಡಾಕ ಬರ್ತದ. ಅಂವ ಯಾಕ ಬೀಳಬೇಕು?"

ಅಷ್ಟು ತಿಂಗಳಲ್ಲಿ ಮಸ್ಕಿಯಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಇದೊಂದೇ ಎಂದು ಬಸವಂತರಾಯನಿಗೆ ಅನ್ನಿಸಿತು. ಅದನ್ನು ಆಡಿದವನು ಇವನು ಎಂಬುದು ಅವನಿಗೆ ಸಹಿಸಲಾಗಲಿಲ್ಲ. "ಮಸ್ಕಿ ಬರೋತನಕ ಸುಮ್ಮನ ಕೂಡ್ರಿ," ಎಂದ.

ಮುಂದಿನ ದಸರೆಯ ಹೊತ್ತಿಗೆ ಶಿವಶರಣಪ್ಪ ಸಭೆ ಕರೆದ. ಹುಸೇನಬಾಷಾ ಆಟ ಬಿಟ್ಟಿದ್ದ. ಬಾಲಪ್ಪನನ್ನೂ ಇನ್ನೊಬ್ಬನನ್ನೂ ಕೊಟ್ಟು ಚಾಂದ್‌ಪಾಷಾನನ್ನು ತಿರುಗಿ ತರೋಣ ಎಂಬುದು ಶಿವಶರಣಪ್ಪನ ಯೋಚನೆ. ಎಲ್ಲರೂ ಹೂಂ ಅಂದರು.

"ಬ್ಯಾಡ," ಎಂದ ಬಸವಂತರಾಯ.

ಶಿವಶರಣಪ್ಪ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟ. "ರಾಯರ, ನಿಮ್ಮ ಕೂಡ ಹೆಂಗ ಬಾಳೇವು ಮಾಡೂದು? ಕೊಟ್ಟಾಗ ಯಾಕ ಕೊಟ್ರಿ ಅಂದ್ರಿ. ತರ್ತೀನಿ ಅಂದ್ರ ಬ್ಯಾಡ ಅಂತೀರಿ!"

"ಅಲ್ಲಿ ಅವನ್ನ ಪ್ರತಿ ಪಂದ್ಯಕ್ಕೂ ಆಡಸ್ತಾರ. ಇಲ್ಲಿ ತಂದ್ರ ಬಾಯಿ ಹಾಕಾಕ ನಾ ಇದ್ದೀನಿ, ಮಾರಾಕ ನೀವು ಇದ್ದೀರಿ. ಅಲ್ಲೇ ಇರಲಿ. ಗುಡ್ಡದ ಕೆಳಗ ಇನ್ನೂ ಆರು ಮಂದಿ ಹುಡುಗರು ಆಡಾಕತ್ತಾರ, ಅವರ ಹೆಸರು ಬರೀರಿ. ಈ ವರ್ಷ ಆಡಿಸ್ರಿ. ಸೋಲ್ತೇವಿ, ಸೋಲೋಣ."

ಸಾಕಷ್ಟು ಕೂಗಾಟವಾಯಿತು. ಕಡೆಗೆ ಆ ಹುಡುಗರಲ್ಲಿ ಮೂವರ ಹೆಸರು ಬರೆದರು. ಆ ವರ್ಷ ಮಸ್ಕಿ ಮೊದಲ ಪಂದ್ಯದಲ್ಲೇ ಐದು ಗೋಲುಗಳಿಂದ ಸೋತಿತು. ಗೌಸ್‌ಸಾಬ ಒಂದು ವಾರ ಬಸವಂತರಾಯನ ಸೈಕಲ್ಲಿಗೆ ಗಾಳಿ ಹಾಕಲಿಲ್ಲ.

ರವಿವಾರ ಬಂದರೆ ಬಸವಂತರಾಯ ಬಸ್ಸು ಹತ್ತಿ ಸಿಂಧನೂರಿಗೆ ಹೋಗುತ್ತಿದ್ದ. ಕಲ್ಯಾಣಮ್ಮ ರೊಟ್ಟಿ ಕಟ್ಟಿಕೊಡುತ್ತ, "ಯಾರಿಗೆ ಬಯ್ಯಾಕ ಹೊಂಟೀರಿ?" ಎಂದು ಕೇಳುತ್ತಿದ್ದಳು. ಅಲ್ಲಿ ಗೆರೆಯ ಪಕ್ಕ ನಿಂತು ಅವನು ಮೊದಲಿನಂತೆಯೇ ಒದರುತ್ತಿದ್ದ: ತಲಿ ಎತ್ತು, ಎಡಕ್ಕ ತಗೋ, ಯಾಕ ನಿಂತಿ. ಚೆನ್ನಾಗಿ ಆಡಿದಾಗ ಚಪ್ಪಾಳೆ ಹೊಡೆಯಲು ಮಾತ್ರ ಅವನಿಗೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಗೋಲಾಗಿ ಎಲ್ಲರೂ ಸುಮ್ಮನಾದ ಮೇಲೆ ಅವನ ಚಪ್ಪಾಳೆಯ ಎರಡು ಏಟು ಕೇಳಿಸುತ್ತಿತ್ತು. ಅದು ಯಾರದೆಂದು ಚಾಂದ್‌ಪಾಷಾನಿಗೆ ತಿರುಗಿ ನೋಡದೆಯೇ ತಿಳಿಯುತ್ತಿತ್ತು.