ಕಳ್ಳ ಕುಬುಸ

ಕೆಲಸದಿಂದ ತೆಗೆದ ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ಪ್ರೊಬೇಷನ್ ಅವಧಿಯಲ್ಲಿ ಕೆಲಸ ತೃಪ್ತಿಕರವಾಗಿಲ್ಲ, ನಾಳೆಯಿಂದ ಬರಬೇಕಾಗಿಲ್ಲ, ಶುಭವಾಗಲಿ. ಆ ಕೊನೆಯ ಮಾತು ಓದಿ ಸುಕನ್ಯಾಳಿಗೆ ಮೈಯೆಲ್ಲ ಉರಿದುಹೋಯಿತು. ಕುತ್ತಿಗೆ ಹಿಡಿದು ಹೊರಗೆ ದಬ್ಬಿ, ಮೇಲೊಂದು ಹಾರೈಕೆ ಬೇರೆ!

ಯಶವಂತನಗರದ ಹತ್ತಿರ ಅದಿರು ಪರೀಕ್ಷಿಸುವ ಆ ಲ್ಯಾಬಿಗೆ ಅವಳು ಸೇರಿ ಐದು ತಿಂಗಳಾಗಿತ್ತು. ಇನ್ನೊಂದು ತಿಂಗಳು ಕಳೆದಿದ್ದರೆ ಕೆಲಸ ಕಾಯಂ. ಹಿಂದಿನ ವಾರವಷ್ಟೇ ಮ್ಯಾನೇಜರ್ ಕಮಲಾಕರ ಅವಳ ವರದಿಗಳನ್ನು ಎಲ್ಲರೆದುರು ಹೊಗಳಿದ್ದ. ಒಂದೇ ವಾರದಲ್ಲಿ ಕೆಲಸ ಕೆಡಲು ಅವಳೇನು ಅದಿರಿನ ಬದಲು ಅವಲಕ್ಕಿ ಕುಟ್ಟಿದ್ದಳೇ? ಕಾರಣ ಒಂದೇ. ಅವಳು ಐದು ತಿಂಗಳ ಬಸುರಿ. ಆ ಸುದ್ದಿಯನ್ನು ಯಾರೋ ಕಮಲಾಕರನ ಕಿವಿಗೆ ಹಾಕಿದ್ದಾರೆ.

ಯಾರು? ಅವಳಂತೂ ಬಾಯಿ ಬಿಟ್ಟಿರಲಿಲ್ಲ. ಗಂಡ ಗಿರೀಶ ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸಗಾರ. ಆ ಗುತ್ತಿಗೆ ಯಾವ ತಿಂಗಳು ಮುಗಿಯುತ್ತದೋ ಅವನಿಗೇ ಗೊತ್ತಿರಲಿಲ್ಲ. ಹೊಸಪೇಟೆಯ ಆ ಮನೆ ನೆಚ್ಚಿಕೊಂಡಿದ್ದು ಇವಳ ಕೆಲಸವನ್ನೇ. ಕಾಯಂ ಆದ ಮೇಲೆ ಹೇಳಿದರಾಯಿತು ಎಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ದೊಗಲೆ ಚೂಡಿದಾರ, ಅದರ ಮೇಲೆ ಲ್ಯಾಬಿನ ಬಿಳಿ ಕೋಟು. ಹೊಟ್ಟೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬಿದ್ದಿದ್ದರೆ ಬಳೆಗಳು. ಹದಿನೈದು ದಿನಗಳ ಹಿಂದೆ ಕಂಪ್ಲಿಯಿಂದ ಅವ್ವ ಹಂಪಮ್ಮ ಬಂದು ಕಳ್ಳ ಕುಬುಸ ಮಾಡಿ ಹೋಗಿದ್ದಳು. ಐದನೇ ತಿಂಗಳಲ್ಲಿ ತವರಿನವರು ನೆರೆಹೊರೆಗೆ ಸುಳಿವು ಕೊಡದೆ ಬಂದು, ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬುಸ ತೊಡಿಸಿ, ಕೈತುಂಬ ಬಳೆ ಇಡಿಸಿ, ಉಣಿಸಿ ಹೋಗುವ ಶಾಸ್ತ್ರ ಅದು. ಸೀರೆ ಕುಬುಸ ಪೆಟ್ಟಿಗೆ ಸೇರಿದವು. ಬಳೆ ಮಾತ್ರ ಬಿಚ್ಚಬಾರದೆಂದು ಅವ್ವ ಆಣೆ ಹಾಕಿಸಿದ್ದಳು. ಸುಕನ್ಯಾ ಸೆಕೆಯಲ್ಲೂ ಉದ್ದ ತೋಳು ತೊಟ್ಟು ಓಡಾಡಿದಳು. ಆದರೂ ಒಂದು ದಿನ ಕೈ ತೊಳೆಯುವಾಗ ಪಕ್ಕದಲ್ಲಿದ್ದ ಹೇಮಾ ನೋಡಿಬಿಟ್ಟಳು.

ಹೇಮಾ ಇವಳ ಜೊತೆಗೇ ಕೆಲಸಕ್ಕೆ ಸೇರಿದವಳು. ಇಬ್ಬರಲ್ಲಿ ಒಬ್ಬರನ್ನೇ ಕಾಯಂ ಮಾಡುತ್ತಾರೆಂಬ ಗಾಳಿಮಾತು ಲ್ಯಾಬಿನಲ್ಲಿ ಸುಳಿದಾಡುತ್ತಿತ್ತು. ಆವತ್ತು ಹೇಮಾ ಬಳೆ ನೋಡಿಯೂ ತುಟಿ ಬಿಚ್ಚಲಿಲ್ಲ. ಎಲ್ಲಿ ತಗೊಂಡಿ, ಡಜನ್ನಿಗೆ ಎಷ್ಟು ಎಂದು ಕೇಳದೆ ಸುಮ್ಮನಿರುವ ಹೆಣ್ಣು ಈ ಭೂಮಿಯ ಮೇಲೆ ಇದ್ದಾಳೆಯೇ? ಮರುದಿನದಿಂದ ಆ್ಯಸಿಡ್ಡಿನ ಕೆಲಸವೆಲ್ಲ "ನಾ ಮಾಡ್ತೀನಿ ಬಿಡು" ಎಂದು ತನ್ನ ಕಡೆಗೆ ಎಳೆದುಕೊಳ್ಳತೊಡಗಿದಳು. ಕೆಲಸ ಕಸಿಯುವವರು ಹೀಗೇ ಶುರುಮಾಡುತ್ತಾರೆ ಎಂದು ಸುಕನ್ಯಾ ಆಗಲೇ ಅಂದುಕೊಂಡಿದ್ದಳು.

ಸಂಶಯ ಒಮ್ಮೆ ಹೊಕ್ಕರೆ ಮನೆಯವರನ್ನೂ ಬಿಡುವುದಿಲ್ಲ. ಅತ್ತೆ ವಿರುಪಮ್ಮ ಮಾರ್ಕೆಟ್ಟಿನಲ್ಲಿ ಯಾರ ಮುಂದಾದರೂ ಆಡಿರಬಹುದೇ? ಗಿರೀಶ ಚಹಾದ ಅಂಗಡಿಯಲ್ಲಿ ಉಬ್ಬಿಹೋಗಿ ಹೇಳಿರಬಹುದೇ?

"ನೀ ಯಾರ ಮುಂದರ ಅಂದಿಯೇನು?" ಎಂದು ಉಣ್ಣುತ್ತಿದ್ದ ಗಂಡನನ್ನು ಕೇಳಿಯೇ ಬಿಟ್ಟಳು.

"ನನ್ನ ಮ್ಯಾಲೂ ಅನುಮಾನ ಏನ?" ಎಂದು ಗಿರೀಶ ಅರ್ಧ ಉಂಡ ತಟ್ಟೆ ಬಿಟ್ಟು ಎದ್ದ.

ಹೊಸಪೇಟೆಯ ಕಾರ್ಮಿಕ ಕಚೇರಿಯಲ್ಲಿ ಅಧಿಕಾರಿ ಅರ್ಚಿತಾ ಕಾಗದವನ್ನು ಎರಡು ಸಲ ಓದಿದರು. "ಬಸುರಿ ಅಂತ ತೆಗೀಲಿಕ್ಕೆ ಬರಂಗಿಲ್ರಿ, ಪ್ರೊಬೇಷನ್ ಇದ್ರೂ ಅಷ್ಟ. ಆದ್ರ ನಮಗ ಗೊತ್ತೇ ಇರ್ಲಿಲ್ಲ ಅಂತ ಅವರು ಅಂದ್ರ? ಗೊತ್ತಿತ್ತು ಅನ್ನಾಕ ನಿಮ್ಮ ಹತ್ರ ಏನೈತಿ?"

ಏನಿತ್ತು? ಮಣ್ಣು! ಐದು ತಿಂಗಳು ಅಷ್ಟು ಜತನದಿಂದ ಮುಚ್ಚಿಟ್ಟ ತಪ್ಪಿಗೆ ಈಗ ಬಾಯಿ ಬಾಯಿ ಬಡಿದುಕೊಳ್ಳಬೇಕು. ಯಾರನ್ನು ಹಿಡಿದು ಉಗಿಯಬೇಕೆಂದಿದ್ದಳೋ ಅವರೇ ಈಗ ಬೇಕಾಗಿತ್ತು. ಸುದ್ದಿ ಮುಟ್ಟಿಸಿದವರು ಬಂದು ಹೌದು, ನಾವೇ ಹೇಳಿದೆವು ಎಂದರೆ ಮಾತ್ರ ಕೆಲಸ ಉಳಿಯುತ್ತದೆ.

ಭಾನುವಾರ ಅವಳು ಸಂಡೂರಿಗೆ ಹೋಗಿ ಹೇಮಾಳ ಮನೆಯ ಬಾಗಿಲು ಬಡಿದಳು. ಕುಳಿತುಕೊಳ್ಳದೆ ಕೇಳಿದಳು, "ನೀನ ಹೇಳಿದ್ದಲ್ಲೇನು? ಬೈಯಾಕ ಬಂದಿಲ್ಲ. ಹೇಳೀನಿ ಅಂತ ಬರದುಕೊಡು, ಸಾಕು."

ಹೇಮಾಳ ಮುಖ ಕೆಂಪಾಯಿತು. "ಬಳಿ ನೋಡಿದ ದಿನಾನ ನನಗ ಗೊತ್ತಾತು. ಹೊಟ್ಟ್ಯಾಗ ಕೂಸು ಇಟ್ಕೊಂಡು ಆ್ಯಸಿಡ್ ಹೊಗಿ ಕುಡೀಬ್ಯಾಡ ಅಂತ ನಿನ್ನ ಕೆಲಸ ನಾ ಮಾಡಿದೆ. ಬಾಯಿ ಬಿಟ್ಟು ಕೇಳಿದ್ರ ನಿನಗ ಮುಜುಗರ ಅಂತ ಸುಮ್ನಿದ್ದೆ. ನೀ ಏನ್ ತಿಳ್ಕೊಂಡ್ಯಲೇ?"

ಸುಕನ್ಯಾ ಬಾಗಿಲ ಕಡೆ ತಿರುಗಿದಳು. ನಾಚಿಕೆಯಾಯಿತು, ಆದರೆ ಇದೂ ನಾಟಕವಿರಬಹುದೇ ಎಂದು ಒಳಗೊಂದು ಮನಸ್ಸು ಕೇಳುತ್ತಲೇ ಇತ್ತು.

ಅವಳು ಮೆಟ್ಟಿಲಿಳಿಯುವಾಗ ಹೇಮಾ ಹಿಂದಿನಿಂದ ಅಂದಳು, "ಕಂಪನಿ ಬಸ್ ಡ್ರೈವರ್ ಉಜ್ಜಿನಪ್ಪಣ್ಣಗ ಮೆಮೊ ಕೊಟ್ಟಿದ್ರು, ದಿನಾ ಬಸ್ ಲೇಟ್ ಅಂತ. ಅದಕ್ಕ ನಿನ್ನ ಹೆಸರು ಹಾಕಿ ಏನೋ ಬರದು ಕೊಟ್ಟಾನಂತ. ಅವನ್ನ ಕೇಳು ಹೋಗು."

ಸೋಮವಾರ ಬೆಳಿಗ್ಗೆ ಹೊಸಪೇಟೆಯಲ್ಲಿ ಕಂಪನಿ ಬಸ್ಸು ಹೊರಡುವ ಜಾಗದಲ್ಲಿ ಉಜ್ಜಿನಪ್ಪ ಗಾಜು ಒರೆಸುತ್ತಿದ್ದ. ಐವತ್ತು ದಾಟಿದ ಮನುಷ್ಯ. ಇವಳನ್ನು ಕಂಡು ಮುಖವೆಲ್ಲ ನಗುವಾಯಿತು. "ಏನ್ ತಾಯಿ, ರಜಾ ಮುಗೀತಾ?"

"ಮೆಮೊಕ್ಕ ಏನ್ ಉತ್ತರ ಕೊಟ್ಟಿ ಅಣ್ಣ?"

"ಅದಾ? ಹದಿನೈದು ನಿಮಿಷ ಲೇಟ್ ಯಾಕ ಅಂತ ಕೇಳಿದ್ರು. ಖರೆ ಇದ್ದದ್ದು ಮಗಳ ಕೈಲೆ ಬರಸಿದೆ. ಲಾರಿ ಓಡಾಡಿ ರಸ್ತಿ ಕೆಟ್ಟೈತಿ, ಬಸ್ಸಿನ್ಯಾಗ ಸುಕನ್ಯಾ ಮೇಡಮ್ ಬಸುರಿ ಅದಾರ, ಅದಕ್ಕ ಮೆಲ್ಲಕ ಬರ್ತೀನಿ ಅಂತ." ಅವನ ದನಿಯಲ್ಲಿ ಹೆಮ್ಮೆಯಿತ್ತು. "ನೀ ಹೇಳಿಲ್ಲ ಖರೆ. ಬಸ್ ಹತ್ತೋವಾಗ ಕೈ ಮೊದ್ಲ ಹೊಟ್ಟಿಗೆ ಹೋಗ್ತಿತ್ತಲ್ಲವ್ವ, ನಾ ಮೂರು ಮಕ್ಕಳ ತಂದಿ."

ಅವಳು ನಡೆದದ್ದನ್ನು ಹೇಳಿದಳು. ಉಜ್ಜಿನಪ್ಪ ಒರೆಸುವ ಬಟ್ಟೆ ಕೆಳಗಿಟ್ಟು ಬಸ್ಸು ಹತ್ತಿದ. ಆಮೇಲೆ ಸೀಟಿನ ಕೆಳಗಿನ ಚೀಲದಿಂದ ತನ್ನ ಉತ್ತರದ ಪ್ರತಿ ತೆಗೆದುಕೊಟ್ಟ. ಅದರ ಮೇಲೆ ಕಾಗದ ಮುಟ್ಟಿದ್ದಕ್ಕೆ ಕಂಪನಿಯ ಸೀಲು, ಕಮಲಾಕರನ ಸಹಿ, ಹನ್ನೊಂದನೇ ತಾರೀಖು. ಅವಳನ್ನು ತೆಗೆದದ್ದು ಹದಿನಾಲ್ಕಕ್ಕೆ.

"ತಗೊಂಡು ಹೋಗು ತಾಯಿ. ನನ್ನಿಂದ ಹಿಂಗಾತು." ಆಮೇಲೆ ಕೈಮುಗಿದ. "ನಂದೂ ಗುತ್ತಿಗಿ ಐತವ್ವ. ಮಗಳ ಮದಿವಿ ಗೊತ್ತಾಗೈತಿ. ನನ್ನ ಹೆಸರು ಎಲ್ಲೂ ಬರದಂಗ ನೋಡ್ಕೋ."

"ಬರಲ್ಲ ಅಣ್ಣ" ಎಂದಳು. ಕಾಗದದ ಕೊನೆಯಲ್ಲಿ ಅವನ ಹೆಸರು ಎದ್ದು ಕಾಣುತ್ತಿತ್ತು. ಅವನ ಮನಸ್ಸು ಬದಲಾದರೆ ಎಂಬ ಹೆದರಿಕೆಯಲ್ಲಿ ಸಿಕ್ಕ ಆಟೊ ಹತ್ತಿದಳು. ಕಾರ್ಮಿಕ ಕಚೇರಿಯ ಬಾಗಿಲು ತೆರೆಯುವ ತನಕ ಅಂಗಳದಲ್ಲೇ ಕಾದಳು.

ಅರ್ಚಿತಾ ಕಾಗದ ನೋಡಿ ನೆಟ್ಟಗೆ ಕುಳಿತರು. "ಇದು ಸಾಕ್ರಿ. ಆದ್ರ ಇದರ ಪ್ರತಿ ಕಂಪನಿಗೂ ಹೋಗ್ತೈತಿ. ಹೆಸರು ಮುಚ್ಚಾಕ ಬರಂಗಿಲ್ಲ. ಅವರನ್ನ ಒಂದು ಮಾತು ಕೇಳೀರೇನು?"

ಫೋನ್ ಅವಳ ಕೈಯಲ್ಲೇ ಇತ್ತು. ಕೇಳಿದರೆ ಅವನು ಬೇಡ ಎನ್ನುತ್ತಾನೆ, ಅದು ಅವಳಿಗೆ ಗೊತ್ತಿತ್ತು.

"ಕೇಳೀನ್ರಿ" ಎಂದಳು. ಅರ್ಜಿಯಲ್ಲಿ ಸಾಕ್ಷಿಯ ಹೆಸರು ಬರೆಯುವಲ್ಲಿ ಉಜ್ಜಿನಪ್ಪನ ಹೆಸರನ್ನು ತನ್ನ ಕೈಯಾರೆ ಬರೆದಳು. ಬರೆಯುವಾಗ ತನ್ನ ಮೇಲೆ ತನಗೇ ಹೇಸಿಕೆಯಾಯಿತು.

ಗೇಟು ದಾಟುವಷ್ಟರಲ್ಲಿ ಅವನದೇ ಫೋನ್ ಬಂತು. "ಕೆಲಸ ಆತೇನವ್ವ?"

"ಆತಣ್ಣ."

"ನನ್ನ ಹೆಸರು?"

"ಎಲ್ಲೂ ಬಂದಿಲ್ಲಣ್ಣ" ಎಂದಳು ಸುಕನ್ಯಾ. ಉಜ್ಜಿನಪ್ಪ ನಂಬಿದ.